ಕಾರ್ಡಿನಲ್ಲಿ ಜಾಗವಿತ್ತು

ನನಗೆ ಆಟಿಸಂ ಇದೆ, ಜೊತೆಗೆ ಎಡಿಎಚ್‌ಡಿಯೂ ಇದೆ ಎಂದು ಮೈಸೂರಿನ ಡಾಕ್ಟರು ಹೇಳಿದಾಗ ನನಗೆ ನಲವತ್ತು ದಾಟಿತ್ತು. ಅಲ್ಲಿಯವರೆಗೆ ನನಗಿದ್ದ ಹೆಸರು ತಿಕ್ಲು. ಗುಂಡ್ಲುಪೇಟೆಯ ನಮ್ಮ ಬೀದಿಯವರು ಅದನ್ನು ಬೈಗುಳವಾಗಿ ಹೇಳುತ್ತಿರಲಿಲ್ಲ. ಕುಳ್ಳಿ, ಕರಿಯ ಅನ್ನುವ ಹಾಗೆ ಬರೀ ಗುರುತಿಗೆ ಹೇಳುತ್ತಿದ್ದರು. ಬೈಗುಳವಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಬಾಲ್ಯದಲ್ಲಿ ನನ್ನನ್ನು ನೋಡಿದವರು ಯಾರಾದರೂ ಬರಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಚಿಕ್ಕಂದಿನಲ್ಲಿ ನಿಮ್ಮ ಮಗಳು ಹೇಗಿದ್ದರು ಎಂದು ಅವರು ಕೇಳಿದರು.

"ಚೆನ್ನಾಗೇ ಇದ್ಲು ಕಣ್ರವ್ವ. ಏನೂ ಇರ್ನಿಲ್ಲ" ಎಂದಳು ಅಮ್ಮ.

ಡಾಕ್ಟರು ಸುಮ್ಮನೆ ಕಾದರು. ಸುಮ್ಮನಿರುವುದು ಅಮ್ಮನಿಗೆ ಆಗದು.

"ಅಂಗಿ ಒಳಗಿರೋ ಪಟ್ಟಿ ಚುಚ್ತದೆ ಅಂತ ಕಿತ್ತಾಕೋಳು. ಮಿಕ್ಸಿ ಹಾಕಿದ್ರೆ ಹಿತ್ಲಿಗೆ ಓಡೋಗೋಳು. ಉಪ್ಪು ತಕ್ಕಬಾ ಅಂತ ಅಂಗ್ಡಿಗೆ ಕಳ್ಸಿದ್ರೆ ದಾರೀಲಿ ಇರುವೆ ಸಾಲು ನೋಡ್ಕಂಡು ನಿಂತ್ಬುಡೋಳು. ಮಕ್ಳು ಅಂದ್ರೆ ಅಂಗೇ ಅಲ್ವಾ?"

ವಾಪಸು ಬರುವಾಗ ಬಸ್ಸು ನಂಜನಗೂಡು ದಾಟುವವರೆಗೆ ಅಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಆಮೇಲೆ, "ಆ ಡಾಕ್ಟ್ರಮ್ಮ ಅಂದಿದ್ನ ಯಾರ್ಗೂ ಹೇಳ್ಬ್ಯಾಡ ಕಣಮ್ಮಿ. ಇಷ್ಟು ದಿನ ನಡ್ಕಂಡು ಬಂದದೆ, ನಡೀತದೆ" ಅಂದಳು.

ನಡೆದುಕೊಂಡು ಬಂದಿರಲಿಲ್ಲ. ನಾನು ಎಳೆದುಕೊಂಡು ಬಂದಿದ್ದೆ.

ಆಟಿಸಂ, ಎಡಿಎಚ್‌ಡಿ ಎರಡೂ ಇದ್ದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಬಟ್ಟೆಯ ಬಕೆಟ್ಟಿನ ಕಥೆ ಹೇಳುತ್ತೇನೆ. ಬಟ್ಟೆ ಒಗೆದು ಹಿಂಡಿ ಬಕೆಟ್ಟಿಗೆ ಹಾಕುತ್ತೇನೆ. ಅಷ್ಟರಲ್ಲಿ ಬೇರೆ ಏನೋ ನೆನಪಾಗಿ ಹೋಗುತ್ತೇನೆ. ಹರವುವುದು ಮರೆತೇ ಹೋಗುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಬಟ್ಟೆ ಮುಗ್ಗಿರುತ್ತದೆ. ಆ ವಾಸನೆ ನನ್ನಿಂದ ತಡೆಯಲಾಗದು. ಬಕೆಟ್ಟನ್ನು ಮುಟ್ಟಲಾಗದು, ಬಚ್ಚಲಿಗೇ ಹೋಗಲಾಗದು. ಮರೆಸುವವಳೂ ಒಳಗೇ ಇದ್ದಾಳೆ, ಮರೆತದ್ದಕ್ಕೆ ಶಿಕ್ಷೆ ಕೊಡುವವಳೂ ಒಳಗೇ ಇದ್ದಾಳೆ. ಒಬ್ಬಳಿಗೆ ದಿನಾ ಅದೇ ತಟ್ಟೆ, ಅದೇ ಮೊಸರನ್ನ, ಬಸ್ಸಿನಲ್ಲಿ ಅದೇ ಕಿಟಕಿ ಬೇಕು. ಇನ್ನೊಬ್ಬಳಿಗೆ ಆ ಮೊಸರನ್ನ ಕಂಡರೆ ಒಂದು ದಿನ ಇದ್ದಕ್ಕಿದ್ದಂತೆ ಓಕರಿಕೆ ಬರುತ್ತದೆ. ಇಬ್ಬರನ್ನೂ ಸಾಕುವುದರಲ್ಲೇ ನನ್ನ ಆಯಸ್ಸು ಹೋಯಿತು.

ನನ್ನ ಮದುವೆ ಒಂದು ವರ್ಷವೂ ನಿಲ್ಲಲಿಲ್ಲ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗಂಡ ಕೆಟ್ಟವನಲ್ಲ. ಅವನ ಮನೆಯಲ್ಲಿ ದಿನವಿಡೀ ಟಿವಿ ಓಡುತ್ತಿತ್ತು, ಜನ ಬಂದು ಹೋಗುತ್ತಿದ್ದರು, ನಾನು ಹಾಲು ಉಕ್ಕಿಸುತ್ತಿದ್ದೆ, ಬಂದವರ ಮುಖ ನೋಡಿ ಮಾತಾಡುತ್ತಿರಲಿಲ್ಲ. ಅಹಂಕಾರ ಅಂದರು. ಒಂದು ದಿನ ಅಣ್ಣನನ್ನು ಕರೆಸಿ ಅವನ ಜೊತೆ ಕಳಿಸಿದರು. ಆಮೇಲೆ ನಾನು ಚಾಮರಾಜನಗರದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿ, ಹತ್ತಿರದಲ್ಲೇ ಸಣ್ಣ ಮನೆ ಮಾಡಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಎಲ್ಲ ನಾನೇ ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ. ಪ್ರೆಸ್ಸಿನ ಸಾಹೇಬರು ನನ್ನ ಮೇಜನ್ನು ಮೆಷಿನ್ನಿನಿಂದ ದೂರ, ಹಿಂದಿನ ಕೋಣೆಯಲ್ಲಿ ಹಾಕಿಸಿಕೊಟ್ಟರು. ಯಾಕೆ ಎಂದು ಕೇಳಲಿಲ್ಲ. "ಮೇಡಂ, ನಂಗೆ ಕೆಲ್ಸ ಆಗ್ಬೇಕು. ನೀವು ಎಲ್ಲಿ ಕೂತ್ರೇನು" ಅಂದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಮರ್ಯಾದೆ ಅಂದರೆ ಅದು.

ಅಣ್ಣನ ಮಗಳು ಪಿಯುಸಿ ಓದಲು ಚಾಮರಾಜನಗರಕ್ಕೆ ಬಂದಾಗ ನನ್ನ ಜೊತೆಯಲ್ಲೇ ಇದ್ದಳು. ಅವಳು ಬರುತ್ತಾಳೆ ಅಂದಾಗ ಹೆದರಿದ್ದೆ. ಆದರೆ ಒಂದೇ ಮನೆಯಲ್ಲಿ ಇಬ್ಬರು ಮಾತಿಲ್ಲದೆ ಇರುವುದು ಅವಳಿಗೆ ಬರುತ್ತಿತ್ತು. ನಾನು ಮರೆತು ಬಿಟ್ಟ ಒಲೆಯನ್ನು ಅವಳು ಆರಿಸುತ್ತಿದ್ದಳು. ಅವಳಿಗೆ ಬಾರದ ಲೆಕ್ಕಗಳನ್ನು ನಾನು ಹೇಳಿಕೊಡುತ್ತಿದ್ದೆ. ಕುಕ್ಕರಿನ ವಿಷಲ್ ಬರುವ ಮೊದಲು "ಅತ್ತೆ, ಕೂಗ್ತದೆ ಈಗ" ಎಂದು ಎಚ್ಚರಿಸುತ್ತಿದ್ದಳು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಆ ಎರಡು ವರ್ಷ ನನಗೆ ಮಗಳೊಬ್ಬಳು ಇದ್ದಳು ಅಂತಲೇ ನಾನು ತಿಳಿದಿದ್ದೆ. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ, ಅಮ್ಮ ಬೇಡ ಅಂದರೂ, ಅವಳೊಬ್ಬಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಗೊತ್ತಾಯ್ತಲ್ಲ ಅತ್ತೆ, ಒಳ್ಳೇದಾಯ್ತು" ಅಂದಳು.

ಅಷ್ಟು ಹೊತ್ತಿಗೆ ಅವಳು ಓದು ಮುಗಿಸಿ ಬದನಗುಪ್ಪೆಯ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಅವಳು ಮೆಚ್ಚಿದ್ದು ಅಲ್ಲೇ ಕೆಲಸ ಮಾಡುವ ಹುಡುಗನನ್ನು, ನಮ್ಮ ಜನವೇ. ಎರಡೂ ಮನೆಯವರು ಒಪ್ಪಿದರು. ನಿಶ್ಚಿತಾರ್ಥಕ್ಕೆ ಮೊದಲು ಗೋಪಾಲಸ್ವಾಮಿ ಬೆಟ್ಟಕ್ಕೆ ಎಲ್ಲರೂ ಒಟ್ಟಿಗೆ ಹೋಗಿ ಬರೋಣ ಎಂದು ಹುಡುಗನ ತಾಯಿ ಹೇಳಿದರು. ಅವರ ಹರಕೆಯಂತೆ. ನನ್ನನ್ನೂ ಕರೆದರು.

ಬೆಟ್ಟದ ಬುಡದಲ್ಲಿ ನಮ್ಮ ಗಾಡಿಗಳನ್ನು ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ಅಂದು ಶನಿವಾರ. ಜನ ನುಗ್ಗಿದರು. ಮಲ್ಲಿಗೆ, ಬೆವರು, ಯಾರದೋ ಫೋನಿನಲ್ಲಿ ಹಾಡು, ತಿರುವು ತಿರುವಿಗೂ ಎಂಜಿನ್ನಿನ ನರಳಾಟ. ನಾನು ಚೀಲದಿಂದ ಕಿವಿಗೆ ಹಾಕುವ ಬಿರಡೆಗಳನ್ನು ತೆಗೆದು ಹಾಕಿಕೊಂಡೆ. ಪಕ್ಕದಲ್ಲಿ ಹುಡುಗನ ತಾಯಿ ಕೂತಿದ್ದರು. ಇಳಿದ ಮೇಲೆ ಮಂಜಿನಲ್ಲಿ ದೇವಸ್ಥಾನದ ಮೆಟ್ಟಿಲಿನ ಕಡೆ ನಡೆಯುವಾಗ ಅವರು ಕೇಳಿದರು.

"ಕಿವಿಗೆ ಏನಾಗದೆ? ಸೋರ್ತದಾ?"

"ಇಲ್ಲ. ನನಗೆ ಆಟಿಸಂ ಇದೆ. ಸದ್ದು ತಡೆಯೋಕಾಗಲ್ಲ."

"ಅಂದ್ರೆ ಕಾಯಿಲೇನಾ?"

"ಕಾಯಿಲೆ ಅಲ್ಲ. ಮಿದುಳು ಇರೋದೇ ಹಾಗೆ."

"ಹುಟ್ಟಿದಾಗಿಂದ್ಲೂವಾ?"

"ಹೌದು."

"ವಂಶದಲ್ಲಿ ಬತ್ತದಾ ಅದು?"

"ಬರಬಹುದು ಅಂತಾರೆ ಡಾಕ್ಟರು."

ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ, ಅಷ್ಟೇ. ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇರುತ್ತದೆ ಅನ್ನುವುದು ಎಲ್ಲರಿಗೂ ತಾನಾಗಿ ತಿಳಿಯುತ್ತದಂತೆ. ನನಗೆ ಅದು ಮನೆಗೆ ಬಂದು ಮಲಗಿದ ಮೇಲೆ ತಿಳಿಯುತ್ತದೆ. ಅವರು ಪ್ರಸಾದದ ಬಾಳೆಹಣ್ಣನ್ನು ನನ್ನ ಕೈಗೆ ಕೊಟ್ಟರು. ಇಳಿಯುವಾಗ ಬೇರೆ ಸೀಟಿನಲ್ಲಿ ಕೂತರು.

ಆ ವಾರ ನಿಶ್ಚಿತಾರ್ಥದ ಮಾತು ನಿಂತುಹೋಯಿತು. ಆಮೇಲೆ ಅಣ್ಣ ಅವರ ಮನೆಗೆ ಹೋಗಿ ಬಂದ. ಅಲ್ಲಿಂದ ನೇರವಾಗಿ ಚಾಮರಾಜನಗರದ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತ.

"ಏನ್ ಮಾಡ್ಬುಟ್ಟೆ ಕಣಮ್ಮಿ ನೀನು. ಬಾಯ್ ಮುಚ್ಕಂಡು ಇರಾಕಾಗ್ನಿಲ್ವಾ?"

"ಕೇಳಿದರು, ಹೇಳಿದೆ."

"ಕೇಳಿದ್ದಕ್ಕೆಲ್ಲ ಹೇಳ್ತಾರಾ? ನೋಡು, ನಾನು ಎಲ್ಲ ಸರಿ ಮಾಡಿವ್ನಿ. ನಮ್ ವಂಶದಲ್ಲಿ ಅಂಥದ್ದೇನೂ ಇಲ್ಲ, ಗಂಡ ಬುಟ್ ಮ್ಯಾಲೆ ಅವಳ್ಗೆ ತಲೆ ಕೆಟ್ಟೋಯ್ತು ಅಂತ ಹೇಳಿವ್ನಿ. ಪಾಪ ಅಂದ್ರು. ಒಪ್ಕಂಡ್ರು. ಇನ್ಮ್ಯಾಲೆ ಯಾರಾದ್ರೂ ಕೇಳಿದ್ರೆ ನೀನೂ ಅಂಗೇ ಹೇಳು."

ನಾನು ಅವನನ್ನು ಒಳಗೆ ಕರೆಯಲಿಲ್ಲ. ಅವನೂ ಬರಲಿಲ್ಲ. ಹುಟ್ಟಿನಿಂದ ಹೀಗಿದ್ದರೆ ಸಂಬಂಧ ಮುರಿಯುತ್ತದೆ, ಗಂಡ ಬಿಟ್ಟು ಹುಚ್ಚಿಯಾಗಿದ್ದರೆ ಅಡ್ಡಿಯಿಲ್ಲ. ಇದನ್ನು ಯಾರು ಲೆಕ್ಕ ಹಾಕಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಲವತ್ತು ವರ್ಷ ಕಾದ ಮೇಲೆ ನನ್ನ ಕಥೆ ನನಗೆ ಸಿಕ್ಕಿತ್ತು. ಅದನ್ನು ಕಿತ್ತುಕೊಂಡು ಅವನು ಬೇರೆ ಕಥೆ ಕೊಟ್ಟುಹೋದ.

ಮದುವೆ ನಿಶ್ಚಯವಾಯಿತು. ಲಗ್ನಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ ಆಗಬೇಕೆಂದು ಅಣ್ಣ ನಮ್ಮ ಸಾಹೇಬರಿಗೆ ಫೋನ್ ಮಾಡಿದ. ಅವನು ಕಳಿಸಿದ ಒಕ್ಕಣೆ ನನ್ನ ಮೇಜಿಗೇ ಬಂತು. ನಾನು ಟೈಪ್ ಮಾಡುತ್ತ ಹೋದೆ. ಸುಖಾಗಮನ ಬಯಸುವವರು ಅನ್ನುವ ಕಡೆ ಸೋದರಮಾವಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು, ನಮ್ಮ ತಂದೆಯ ಕಡೆಯ ದೂರದ ಅತ್ತೆಯರು ಕೂಡ ಇದ್ದರು. ನಾನು ಇರಲಿಲ್ಲ. ಮರೆತಿರಬಹುದು ಎಂದು ಮತ್ತೆ ಓದಿದೆ. ಮರೆಯುವವಳು ನಾನು, ಅಣ್ಣನಲ್ಲ. ಅವನಿಗೆ ಫೋನ್ ಮಾಡಿದೆ.

"ಜಾಗ ಸಾಲ್ದು ಅಂತ" ಅಂದ.

"ಜಾಗ ಇದೆ. ನಾನೇ ಜೋಡಿಸ್ತಾ ಇದ್ದೀನಿ. ಎಡಗಡೆ ಎರಡು ಸಾಲು ಹಿಡಿಯುತ್ತೆ."

"ನಾನಲ್ಲ ಕಣಮ್ಮಿ. ಅವ್ಳೇ ಬ್ಯಾಡ ಅಂದ್ಲು."

ಅವನನ್ನು ನಾನು ನಂಬಲಿಲ್ಲ. ಅಣ್ಣನ ಮಗಳಿಗೆ ಫೋನ್ ಮಾಡಿದೆ. ಅವಳು ಆಫೀಸಿನಿಂದ ಹೊರಗೆ ಬಂದು ಮಾತಾಡಿದಳು. ಲಾರಿಗಳ ಸದ್ದು ಕೇಳುತ್ತಿತ್ತು.

"ಹೌದು ಅತ್ತೆ, ನಾನೇ ಹೇಳ್ದೆ. ಕಾರ್ಡ್ ಎಲ್ರ ಮನೇಗೂ ಓಯ್ತದೆ. ನಿಮ್ಮೆಸ್ರು ನೋಡಿದ್ರೆ ಅವರ ಕಡೆಯವ್ರು ಮತ್ತೆ ಅದೇ ಮಾತು ತೆಗೀತಾರೆ. ನೀವು ಮದ್ವೆಗೆ ಬನ್ನಿ, ಬ್ಯಾಡ ಅಂತ ನಾನೆಲ್ಲಿ ಹೇಳ್ದೆ? ಸ್ವಲ್ಪ ಹಿಂದ್ಗಡೆ ಕೂತ್ಕೊಂಡ್ರೆ ಸಾಕು. ನಿಮ್ಗೂ ಸದ್ದು ಆಗಲ್ವಲ್ಲ."

ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅನ್ನುವ ಹಾಗೆ ಅವಳು ಹೇಳಿದಳು. ಕುಕ್ಕರ್ ಕೂಗುತ್ತದೆ ಎಂದು ಎಚ್ಚರಿಸುತ್ತಿದ್ದಾಗ ಇದ್ದ ದನಿಯೇ ಅದು. ನಾನು ಫೋನ್ ಇಟ್ಟು ಕಾರ್ಡು ಮುಗಿಸಿದೆ. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಸಾಹೇಬರು ಪ್ರೂಫ್ ನೋಡಿ, ಒಮ್ಮೆ ನನ್ನ ಮುಖ ನೋಡಿ, "ಮೇಡಂ, ನಿಮ್ಮ ಹೆಸ್ರು?" ಅಂದರು. "ಇಷ್ಟೇ ಸಾರ್, ಪ್ರಿಂಟಿಗೆ ಬಿಡಿ" ಅಂದೆ.

ಮದುವೆಗೆ ಹೋಗದಿದ್ದರೆ ಅದಕ್ಕೂ ಒಂದು ಕಥೆ ಕಟ್ಟುತ್ತಾರೆ ಎಂದು ಹೋದೆ. ಗುಂಡ್ಲುಪೇಟೆಯ ಛತ್ರ. ವಾಲಗ, ಮೈಕು, ಕಣ್ಣು ಕುಕ್ಕುವ ಲೈಟು. ಕೂದಲು ಇಳಿಬಿಟ್ಟು ಕಿವಿಯ ಬಿರಡೆ ಕಾಣದ ಹಾಗೆ ಮುಚ್ಚಿದೆ. ಹಿಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತೆ. ಧಾರೆಯಾದ ಮೇಲೆ ಹುಡುಗನ ತಾಯಿ ಇಬ್ಬರು ಹೆಂಗಸರ ಜೊತೆ ನಮ್ಮ ಕಡೆ ಬಂದರು. ನನ್ನ ತಲೆ ಸವರಿದರು. ಯಾರಾದರೂ ಹೇಳದೆ ಮುಟ್ಟಿದರೆ ನನಗೆ ಮೈ ಉರಿಯುತ್ತದೆ.

"ಇವ್ರೇ ಹುಡುಗಿ ಅತ್ತೆ. ಪಾಪ, ಗಂಡ ಬುಟ್ಟೋದ್ಮೇಲೆ ಹಿಂಗಾಗವ್ರೆ. ಅಲ್ವೇನಮ್ಮ?"

ಅಮ್ಮನ ಕೈ ನನ್ನ ಮೊಣಕೈ ಹಿಡಿದುಕೊಂಡಿತು. ಎದುರಿಗೆ ಮೂರು ಮುಖಗಳು ಉತ್ತರಕ್ಕೆ ಕಾಯುತ್ತಿದ್ದವು.

"ಹೌದು" ಅಂದೆ. ನಕ್ಕೆ ಕೂಡ.

ಅವರು ಸಮಾಧಾನದಿಂದ ಊಟದ ಹಾಲಿನ ಕಡೆ ಹೋದರು. ಅಮ್ಮ ನನ್ನ ಮೊಣಕೈ ಬಿಟ್ಟಳು. "ಇವತ್ತು ಚೆನ್ನಾಗಿ ನಡ್ಕಂಡೆ ಕಣಮ್ಮಿ" ಎಂದಳು. ನನ್ನ ನೆನಪಿನಲ್ಲಿ ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಚಾಮರಾಜನಗರಕ್ಕೆ ಬಂದು ಮಲಗಿದವಳು ಎಷ್ಟೋ ದಿನ ಏಳಲಿಲ್ಲ. ಜ್ವರವಿರಲಿಲ್ಲ. ಬಾಯಿ ತೆರೆದರೆ ಮಾತು ಬರುತ್ತಿರಲಿಲ್ಲ. ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಸದ್ದು, ಜನ, ನಟನೆ ಎಲ್ಲ ಒಟ್ಟಿಗೆ ಬಿದ್ದರೆ. ಸಾಹೇಬರು ಒಮ್ಮೆ ಫೋನ್ ಮಾಡಿ, ಉತ್ತರ ಬಾರದಿದ್ದಾಗ, ಬೇರೆಯವರಿಂದ ಕೆಲಸ ಮಾಡಿಸಿಕೊಂಡರು. ಮನೆಯಿಂದ ಯಾರೂ ಬರಲಿಲ್ಲ. ಮದುವೆ ಮುಗಿದ ದಣಿವು ಅವರಿಗೂ ಇತ್ತು.

ಈಗ ಅಣ್ಣನ ಮಗಳು ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಹೇಗಿದ್ದೀರಿ ಅತ್ತೆ ಅನ್ನುತ್ತಾಳೆ. ಚೆನ್ನಾಗಿದ್ದೇನೆ ಅನ್ನುತ್ತೇನೆ. ಊಟ ಆಯಿತೇ ಎಂದು ಕೇಳುತ್ತೇನೆ, ಎಲ್ಲರೂ ಕೇಳುವ ಹಾಗೆ. ಅವಳಿಗೆ ಮಗುವಾದರೆ, ಆ ಮಗು ಮಿಕ್ಸಿಯ ಸದ್ದಿಗೆ ಹಿತ್ತಲಿಗೆ ಓಡಿದರೆ, ಅವಳು ನನಗೆ ಫೋನ್ ಮಾಡಿ ಕೇಳುತ್ತಾಳೋ, ಇಲ್ಲ ಮಗುವಿನ ಬಾಯಿ ಮುಚ್ಚಿಸುತ್ತಾಳೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಕೇಳಿದರೆ ಎಲ್ಲ ಹೇಳುತ್ತೇನೆ. ಆದರೆ ಅವಳನ್ನು ಕ್ಷಮಿಸಿಲ್ಲ.