ಅತ್ತೆಯ ತಲೆಗೆ ಬಂದ ಕಾರ್ಡ್

ಆಯುಧಪೂಜೆಗೆ ಅತ್ತೆ ಚಿಮುಕಿಸಿದ ನೀರಿನಿಂದಲೇ ಕಂಪ್ಯೂಟರಿನ ಕಾರ್ಡ್ ಕೆಟ್ಟಿತು ಎಂದು ನಾರಾಯಣಪೇಟೆಯ ಮಾವನ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನನಗೆ ಅದನ್ನು ನಂಬಲು ಆಗುವುದಿಲ್ಲ. ಸೀರೆಯ ಅಂಚಿನ ಡಿಸೈನನ್ನು ಮಗ್ಗಕ್ಕೆ ಕಳಿಸುವ ಕಾರ್ಡ್ ಅದು. ಪೂಜೆಯ ಮರುದಿನ ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ, ಮಗ್ಗ ನಿಂತಿತು, ಮಾವ ಅತ್ತೆಯೊಡನೆ ಮಾತು ಬಿಟ್ಟರು.

ಕಾರ್ಡಿನ ಜೊತೆ ಬಂದಿದ್ದ ಡ್ರೈವರ್ ಸಿಡಿಯನ್ನು ಎರಡು ಸಲ ಹಾಕಿದೆ. ಎರಡೂ ಸಲ ಪರದೆಯ ಮೇಲೆ ಈ ಸಿಡಿ ಈ ಕಾರ್ಡಿನದಲ್ಲ ಎಂದೇ ಬಂತು. ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ಒಳಗೆ ನೀರಿನ ಕಲೆಯೇ ಇರಲಿಲ್ಲ, ಕಾರ್ಡಿನ ಮೇಲಿನ ನಂಬರೂ ನಮ್ಮ ಕಾರ್ಡ್ ಕೊಂಡಾಗ ಬಂದ ರಟ್ಟಿನ ಡಬ್ಬಿಯ ಮೇಲಿನದಾಗಿರಲಿಲ್ಲ. ನೀರು ಕಾರ್ಡನ್ನು ಕೆಡಿಸಬಹುದು, ನಂಬರನ್ನು ಬದಲಿಸುತ್ತದೆಯೇ?

"ಪೂಜಿಗಿಂತ ಮೊದ್ಲು ಇದನ್ನ ಯಾರು ಬಿಚ್ಚಿದ್ರು, ಮಾವ?"

"ಮಕ್ತಲ್ ಊರಿನ ಮೆಕ್ಯಾನಿಕ್. ಪೂಜಿಗಿ ಧೂಳು ತಗ್ಯಾಕ ಓಣಿಯವರ ಕಂಪ್ಯೂಟರ್ ಡಬ್ಬಾ ಎಲ್ಲಾ ಕೂಡಿಸಿ ಒಯ್ದಿದ್ದ. ಪೂಜಿ ಹೊತ್ತಿಗೇ ತಂದಿಟ್ಟ, ನಾವು ಹಚ್ಚಿ ನೋಡಿದ್ದಿಲ್ಲ. ಅಂವ ನಮ್ಮ ಮನುಷ್ಯಾ ಅದಾನ. ನಿನ್ನ ಕಾಲೇಜಿನ ವಾದ ಇಲ್ಲಿ ಬ್ಯಾಡ."

"ನೀರು ಹಾಕಿದಾಕಿ ನಾ ಸಿಕ್ಕೀನಲ್ಲ, ಮತ್ತ್ಯಾಕ ಹುಡುಕಾಕ ಹೋಗ್ತಾರ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, ಅತ್ತೆಗೂ ಕೇಳುವಂತೆ ಸ್ಪೀಕರ್ ಹಾಕಿದೆ. "ಅಣ್ಣಾ, ನಮ್ಮ ಡಬ್ಬಾಕ್ಕ ನಮ್ಮ ಕಾರ್ಡನ್ನ ತಿರುಗಿ ಹಾಕೀರೇನ್ರಿ, ಇಲ್ಲಾ ಓಣ್ಯಾಗ ಬ್ಯಾರೆಯವರದು ಬಂದೈತೇನ್ರಿ?"