ಮೀನು ತಿನ್ನದವರ ಕೇರಿಯ ವೋಟು

ಮೊದಲ ಸಲ ಗ್ರಾಮ ಪಂಚಾಯತಿಗೆ ನಿಂತು ಸೋತದ್ದು ನನ್ನದೇ ಮರ್ಯಾದೆಯಿಂದ. ಹೌದು, ಅತಿ ಮರ್ಯಾದೆ! ತ್ರಾಸಿಯಿಂದ ಹೆಮ್ಮಾಡಿಯವರೆಗೆ ತಲೆಯ ಮೇಲೆ ಮೀನಿನ ಹೆಡಿಗೆ ಹೊತ್ತು ಮನೆಮನೆ ತಿರುಗಿದವಳು ನಾನು. ಯಾವ ಮನೆಗೆ ಬಂಗುಡೆ, ಯಾವ ಮನೆಗೆ ಸಿಗಡಿ, ಎಲ್ಲ ಬಾಯಿಪಾಠ. ಆದರೆ ನಮ್ಮೂರಲ್ಲಿ ಮೀನು ತಿನ್ನದವರ ಕೇರಿಯೊಂದಿದೆ. ಅದರ ಹತ್ತಿರ ಬಂದಾಗ ಮೀನು ಮಾರುವ ಹೆಂಗಸರು ನಾವು ಕೂಗು ನಿಲ್ಲಿಸಿ, ರಸ್ತೆಯ ಆಚೆ ಬದಿಯಿಂದ ಬೇಗಬೇಗ ದಾಟಿಬಿಡುತ್ತೇವೆ. ಅತ್ತೆ ಕಲಿಸಿದ ರೂಢಿ. ವೋಟು ಕೇಳಲು ಹೊರಟಾಗಲೂ ನನ್ನ ಕಾಲು ಹಾಗೆಯೇ ದಾಟಿಬಿಟ್ಟಿತು ನೋಡಿ!

ಸೋತ ಮೇಲೆ ಆ ಕೇರಿಯ ಅಮ್ಮನೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

“ಎಂತದೇ ಮಾರಾಯ್ತಿ, ನಮ್ಮನಿಗ್ ಒಂದ್ ಸರ್ತಿ ಬಪ್ಪುಕ್ ಆಯ್ಲಿಲ್ಯಾ? ವೋಟಿಗೂ ಮಡಿ ಇತ್ತಾ?”

ನಾಚಿಕೆಯಿಂದ ಸತ್ತೇ ಹೋದೆ.

ಮುಂದಿನ ಚುನಾವಣೆಗೆ ಜಾಣೆಯಾದೆ. ಮಿಂದು, ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಮೊದಲು ಆ ಕೇರಿಗೇ ಹೋದೆ. ಜಗಲಿ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದೆ. ನನ್ನ ಗಿರಾಕಿಗಳ ಮನೆಯಲ್ಲಿ ಮಾತ್ರ ಎಂದಿನಂತೆ ಮೀನು ಆಯ್ದುಕೊಡುತ್ತಾ “ವೋಟ್ ಮರೀಬೇಡಿ” ಎಂದೆ, ಅಷ್ಟೇ. ಅವರು ನನ್ನವರೇ ತಾನೇ! ಅವರಲ್ಲೊಬ್ಬಳು ಕೈಯಲ್ಲಿದ್ದ ಬಂಗುಡೆಯನ್ನು ಹೆಡಿಗೆಗೆ ವಾಪಸ್ ಎಸೆದಳು.

“ನಮ್ಮನಿಗ್ ಬಪ್ಪತಿಗೆ ಮೀನ್ ವಾಸ್ನಿ, ಅವ್ರ್ ಮನಿಗ್ ಹೋಪತಿಗೆ ಮಲ್ಲಿಗಿ ಹೂಗಾ?”

ಸೋತೆ. ಮೊದಲ ಸಲಕ್ಕಿಂತ ಹೀನಾಯವಾಗಿ.

ಮೂರನೆಯ ಸಲ ತಾಲ್ಲೂಕು ಪಂಚಾಯತಿಗೇ ನಾಮಪತ್ರ ಹಾಕಿದೆ. ಮನೆ ಗೆದ್ದು ಮಾರು ಗೆಲ್ಲಬೇಕು ಎಂದು ಪೇಟೆಯ ಗಂಡಸರು ಹಲ್ಲು ಕಿಸಿದರು. ಅವರ ಹಲ್ಲಿಗಿಷ್ಟು! ಮನೆಯವರಂತೂ ಕೈಮುಗಿದು, “ಸಾಕ್ ಮಾಡ್ ಮಾರಾಯ್ತಿ” ಎಂದರು.

“ಇದೊಂದೇ ಸರ್ತಿ. ಸೋತ್ರೆ ಇನ್ ಚುನಾವಣಿ ಹೆಸ್ರ್ ಎತ್ತುದಿಲ್ಲ” ಎಂದು ಆಣೆ ಇಟ್ಟೆ. ಇಟ್ಟ ಮೇಲೆ ಹೆದರಿಕೆ ಹುಟ್ಟಿತು. ಇನ್ನು ನಿಲ್ಲಲಿಕ್ಕೇ ಇಲ್ಲ ಎಂದಾದರೆ ನಾನು ಸುಮ್ಮನೆ ಹೇಗೆ ಇರಲಿ?

ಈ ಸಲ ಎಲ್ಲ ಮನೆಗೂ ದಿನದ ಅದೇ ಸೀರೆ. ಆ ಕೇರಿಯ ತುದಿಯಲ್ಲಿ ಹೆಡಿಗೆಯನ್ನು ಮೋರಿಕಟ್ಟೆಯ ಮೇಲಿಟ್ಟು, ಕಾಗೆ ಬೆಕ್ಕು ಓಡಿಸಲು ಗಂಡನನ್ನೇ ಕಾವಲಿಗೆ ನಿಲ್ಲಿಸಿದೆ. ಪಾಪ, ಬೈಯುತ್ತಲೇ ನಿಂತರು. ನಾನು ಗೇಟಿನ ಹೊರಗಿನಿಂದ, ಮೀನು ಕೂಗುವ ಗಂಟಲಲ್ಲೇ ಕೂಗಿದೆ:

“ಹ್ವಾಯ್ ಅಮ್ಮಾ! ಮೀನಲ್ಲ, ವೋಟ್ ಕೇಂಬುಕ್ ಬಂದದ್ದ್!”

ಕೇರಿಗೆ ಕೇರಿಯೇ ನಗುತ್ತಾ ಹೊರಗೆ ಬಂತು. ಆ ಕೂಗಿನ ಸುದ್ದಿ ನನಗಿಂತ ಮೊದಲೇ ಗಿರಾಕಿಗಳ ಮನೆ ತಲುಪಿತ್ತು. ಬಂಗುಡೆ ಎಸೆದವಳೇ ನನ್ನ ಜೊತೆ ಪ್ರಚಾರಕ್ಕೆ ಹೊರಟಳು.

ಎಣಿಕೆ ಕುಂದಾಪುರದಲ್ಲಿ. ಕೊನೆಯ ಮತಗಟ್ಟೆಯವರೆಗೂ ನಾನು ಹಿಂದೆ. ಎದುರಾಳಿ, ಹೋಟೆಲ್ ಧಣಿಯ ಹೆಂಡತಿ, ಆಗಲೇ ಹಾರ ತರಿಸಿಬಿಟ್ಟಿದ್ದಳು. ಉಳಿದದ್ದು ಆ ಕೇರಿಯ ಮತಗಟ್ಟೆ ಒಂದೇ. ಅಧಿಕಾರಿ ಲೆಕ್ಕ ಓದಿದರು. ಇನ್ನೊಮ್ಮೆ ಓದಿ ಎಂದೆ, ಓದಿದರು. ಗೆದ್ದಿದ್ದೆ!

ನಾನು ಕೂಗಿದ ಕೂಗಿಗೆ ಅಧಿಕಾರಿ ಬೆಚ್ಚಿ, “ಏನಮ್ಮ, ಗಲಾಟೆ ಮಾಡಬಾರದು, ಹೊರಗೆ ಹೋಗಿ” ಎಂದರು.

“ಎರಡ್ ಸರ್ತಿ ಬಾಯ್ ಮುಚ್ಕಂಡೇ ಹೊರಗ್ ಹೋಯ್ದೆ ಸಾರ್,” ಎಂದೆ. “ಇವತ್ತ್ ಕೂಗ್ಕಂಡೇ ಹೋಪುದು!”