ಕನ್ನಡಕದ ಸಾರು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೋರ್ಡು ಕಾಣುತ್ತಿರಲಿಲ್ಲ, ಕಾಣುವುದಿಲ್ಲ ಅಂತ ಹೇಳಬೇಕೆಂದೂ ಗೊತ್ತಿರಲಿಲ್ಲ. ಅಣ್ಣನ ಜೊತೆ ಅಡುಗೆ ಕೆಲಸಕ್ಕೆ ಇಳಿದೆ. ಇವತ್ತು ಉರಿಗಾಂನಿಂದ ಕಾಮಸಮುದ್ರದವರೆಗೆ ಬೀಗರೂಟ ಎಂದರೆ ಮುದ್ದೆ ತಿರುವುವ ಕೋಲು ನನ್ನ ಕೈಗೇ ಬರುತ್ತದೆ. ದುಡಿದು ಸಂಪಾದಿಸಿದ ಹೆಸರು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಊರು ನಕ್ಕಿದ್ದು ಬೇರೆಯದಕ್ಕೆ. ಕಾಮಸಮುದ್ರದ ಕಡೆ ಒಬ್ಬ ಯಜಮಾನರ ಮನೆಯಲ್ಲಿ ಮೊಮ್ಮಗನ ಮುಡಿ ತೆಗೆಸಿದ ಊಟ. ಕುರಿ ಸಾರಿನ ಡಬರಿಗೆ ಬಗ್ಗಿ ಉಪ್ಪು ನೋಡುತ್ತಿದ್ದೆ. ಹಬೆಗೆ ಗಾಜು ಮಂಜಾಯಿತು, ಬೆವರಿದ ಮೂಗಿನಿಂದ ಜಾರಿ ನನ್ನ ದಪ್ಪ ಕನ್ನಡಕ ಸೀದಾ ಸಾರಿನೊಳಗೆ. ಸೌಟು ಹಾಕಿ ಹುಡುಕುವಷ್ಟರಲ್ಲಿ ಅದು ಬಡಿಸುವ ಬಕೆಟ್ಟಿನಲ್ಲಿ ಪಂಕ್ತಿಗೇ ಹೋಗಿತ್ತು. ಆಮೇಲೆ ನಾನು ಎಲ್ಲಿ ಹೋದರೂ ‘ಕನ್ನಡಕದ ಸಾರಿನೋನು’.

ಅದೇ ಯಜಮಾನರು ಮಗಳ ಬೀಗರೂಟಕ್ಕೆ ಮತ್ತೆ ನನ್ನನ್ನೇ ಕರೆದರು. "ನಿನ್ ಕೈರುಚಿ ಬೇಕು, ಕನ್ನಡಕ ಬ್ಯಾಡ. ಅದನ್ನ ಆಕ್ಕೊಂಡು ಡಬರಿ ಅತ್ರ ಬಂದ್ಯೋ, ಅವತ್ತೇ ಬೇರೆಯೋರ್ನ ಕರುಸ್ತೀನಿ."

ನಾನು ಬಂಗಾರಪೇಟೆಯ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋಗಿ ಕಣ್ಣೊಳಗೆ ಹಾಕುವ ಮೆತ್ತನೆಯ ಲೆನ್ಸು ಕೇಳಿದೆ. ಖಾರ, ಹೊಗೆಯ ಕೆಲಸ, ಕಷ್ಟವಾಗುತ್ತದೆ ಅಂದರು. ಕಲಿಸಿಕೊಡಿ ಅಂದೆ. ಕಲಿಸಿದರು. ಸೋಪಿನಲ್ಲಿ ಕೈ ತೊಳೆದು ಒಗೆದ ಬಟ್ಟೆಯಲ್ಲಿ ಒರೆಸಿಕೊಂಡೇ ಮುಟ್ಟಬೇಕು. ಲೆನ್ಸಿಗೆ, ಡಬ್ಬಿಗೆ ನೀರು ಸೋಕಬಾರದು, ಅದರ ಔಷಧದಲ್ಲೇ ತೊಳೆಯಬೇಕು. ಹಾಕಿಕೊಂಡು ಮಲಗಬಾರದು. ನಿನ್ನೆಯ ಔಷಧ ಚೆಲ್ಲಿ ಹೊಸದು ಹಾಕಬೇಕು. ಇದು ನನಗೆ ಹೊಸದಲ್ಲ. ಕರಿದ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿಯುವ ಕೈ ನನ್ನದಲ್ಲ. ಪಾತ್ರೆ ಬೋರಲು ಹಾಕಿದ ಹಾಗೆ ಲೆನ್ಸಿನ ಡಬ್ಬಿಯನ್ನೂ ಬೋರಲು ಹಾಕಿ ಒಣಗಿಸಿದೆ. ಲೆನ್ಸು ಹಾಕುವ ದಿನ ಮೆಣಸಿನಕಾಯಿ ಮುಟ್ಟುವುದನ್ನೇ ಬಿಟ್ಟೆ, ಖಾರದ ಕೆಲಸ ಅಣ್ಣನದು. "ಏನ್ಲಾ, ಸಿನಿಮಾ ಈರೋ ಆಗ್ಬಿಟ್ಟೆ," ಅಂತ ಅವನು ರೇಗಿಸಿದ. ನಕ್ಕರೆ ನಗಲಿ ಅಂದುಕೊಂಡೆ.

ಬೀಗರೂಟದ ದಿನ ಲೆನ್ಸು ಹಾಕಿಕೊಂಡು, ನಾನೂ ಅಣ್ಣನೂ ಬೈಕಿನಲ್ಲಿ ಬಂಗಾರಪೇಟೆಯ ಛತ್ರಕ್ಕೆ ಹೊರಟೆವು. ಗಾಳಿ ಎದ್ದಿತ್ತು. ಚಿನ್ನದ ಗಣಿ ನಿಂತು ಎಷ್ಟು ಕಾಲವಾದರೂ, ಅದಿರು ಅರೆದು ಸುರಿದ ಸೈನೈಡ್ ದಿಬ್ಬದ ಧೂಳು ಮಾತ್ರ ನಮ್ಮ ಅನ್ನದ ಮೇಲೂ ಕೂರುತ್ತದೆ. ಹೆಲ್ಮೆಟ್ಟಿನ ಗಾಜು ಇಳಿಸಿದ್ದರೂ ಒಂದು ಕಣ ಎಡಗಣ್ಣಿಗೆ ನುಗ್ಗಿತು. ಛತ್ರ ತಲುಪಿ ಕೈ ತೊಳೆದು ಲೆನ್ಸು ತೆಗೆದೆ. ತೆಗೆದ ಮೇಲೂ ಉರಿ ನಿಲ್ಲಲಿಲ್ಲ. ಕಣ್ಣು ಕೆಂಡವಾಗಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ.

ಅಣ್ಣ ನೀರಿನ ಕ್ಯಾನು ತೋರಿಸಿದ. "ಪಿಲ್ಟರ್ ನೀರೈತೆ, ಅದ್ರಲ್ಲಿ ಅಲ್ಲಾಡ್ಸಿ ತಿರ್ಗಾ ಆಕ್ಕೊ."

"ನೀರು ಸೋಕ್ಸಂಗಿಲ್ಲಣ್ಣ."

"ಕುಡಿಯೋ ನೀರು ಕಣ್ಲಾ ಅದು."

"ಕುಡಿಯಾಕೆ ಸರಿ. ಕಣ್ಣಿಗಲ್ಲ."

ನಮಗಿಂತ ಮೊದಲೇ ಕೆಲಸಕ್ಕೆ ಬಂದು ಈರುಳ್ಳಿ ಹೆಚ್ಚುತ್ತಿದ್ದ ನಮ್ಮ ಅತ್ತೆ ಕೂತಲ್ಲಿಂದಲೇ ಅಂದಳು, "ಎಳೆಮಗೀನ ತಾಯಿ ಯಾರಾನ ಇದ್ರೆ ಎಲ್ಡು ತೊಟ್ಟು ಎದೆಹಾಲು ಬಿಡುಸ್ಕೊಳಪ್ಪ, ತಣ್ಣಗಾಯ್ತದೆ."

"ಬ್ಯಾಡತ್ತೆ. ನೀನು ಈರುಳ್ಳಿ ನೋಡ್ಕ."

ಅಣ್ಣನಿಗೆ ಕೋಪ ಬಂತು. "ಒಂದೊತ್ತು ತಡ್ಕೊಳೋಕಾಗಲ್ವಾ? ಕನ್ನಡಕ ಆಕ್ಕೊಂಡ್ರೆ ಯಜಮಾನ್ರು ಓಡುಸ್ತಾರೆ. ಈ ಮನೆ ಕೆಲ್ಸ ಓದ್ರೆ ಸುತ್ತಿನ ಊರಿನ ಕೆಲ್ಸವೆಲ್ಲ ಓಯ್ತದೆ."

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಕಣ್ಣು ಕೆಂಪಾದರೆ ಯಾರು ಏನೇ ಅನ್ನಲಿ, ಲೆನ್ಸು ಹಾಕಬೇಡಿ ಅಂದಿದ್ದರು ಡಾಕ್ಟರಮ್ಮ. ಕೆಲಸ ಹೋದರೆ ರಟ್ಟೆ ಇನ್ನೊಂದು ಹುಡುಕುತ್ತದೆ, ಕಣ್ಣು ಹೋದರೆ ಯಾವ ಯಜಮಾನರು ತಂದುಕೊಡುತ್ತಾರೆ? ಬಲಗಣ್ಣಿನ ಲೆನ್ಸನ್ನೂ ತೆಗೆದೆ. ಚೀಲದಲ್ಲಿ ಸದಾ ಇರುವ ಹಳೆಯ ದಪ್ಪ ಕನ್ನಡಕ ಹಾಕಿಕೊಂಡು, ರಾಗಿಹಿಟ್ಟಿನ ಮೂಟೆ ಬಿಚ್ಚಿದ ಗೋಣಿದಾರವನ್ನು ಎರಡು ಕಡ್ಡಿಗೂ ಬಿಗಿದು ತಲೆಯ ಹಿಂದೆ ಗಂಟು ಹಾಕಿದೆ. ಗಾಜು ಮಂಜಾದಾಗ ಅಣ್ಣ ಗೊಣಗುತ್ತಲೇ ಒರೆಸಿದ. ಮುದ್ದೆ ತಿರುವುವಾಗ ಅದೂ ಬೇಕಾಗಲಿಲ್ಲ. ಹಿಟ್ಟು ಬೆಂದದ್ದು ಕೋಲಿಗೇ ಗೊತ್ತಾಗುತ್ತದೆ.

ಯಜಮಾನರು ಬಂದೇ ಬಂದರು. "ಏನ್ ಏಳಿದ್ದೆ ನಾನು?"

"ಕನ್ನಡಕ ಬ್ಯಾಡ ಅಂದಿದ್ರಿ."

"ಮತ್ತಿದೇನು?"

"ಕಣ್ಣಿಗೆ ಏಟಾಗೈತೆ. ಇದಿಲ್ದೆ ನಂಗೆ ಬೆಂಕಿ ಕಾಣಾಕಿಲ್ಲ. ಬ್ಯಾಡ ಅಂದ್ರೆ ಸೌಟು ಇಲ್ಲೇ ಇಟ್ಟು ಓಯ್ತೀನಿ. ಸಾರು ಕುದೀತೈತೆ, ಯಾರ್ನ ಕರುಸ್ತೀರೋ ಕರುಸ್ಕೊಳಿ."

ಅವರು ಡಬರಿ ನೋಡಿದರು, ಗೋಣಿದಾರ ನೋಡಿದರು. ಹೊರಗೆ ಬೀಗರು ಕೈತೊಳೆಯುತ್ತಿದ್ದ ಸದ್ದು. "ಬಿದ್ರೆ?"

"ಬಿದ್ರೆ ಆ ಸಾರು ನಾನೊಬ್ನೇ ಉಣ್ತೀನಿ."

ಅವರು ಹೋಗಿ ಪಂಕ್ತಿಯಲ್ಲಿ ಕೂತರು. ಎರಡನೇ ಮುದ್ದೆ ಕೇಳಿದಾಗ ನಾನೇ ಬಡಿಸಿದೆ. "ಈ ಸಲ ಸಾರಲ್ಲಿ ಏನೂ ಸಿಗ್ಲಿಲ್ವಲ್ಲೋ," ಅಂದರು. ಪಂಕ್ತಿಯೆಲ್ಲ ನಕ್ಕಿತು. ನಾನು ನಗಲಿಲ್ಲ.

ಪಂಕ್ತಿ ಎದ್ದ ಕೂಡಲೇ ಗೋಣಿದಾರದ ಸಮೇತ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. ಕಣ್ಣುಗುಡ್ಡೆಗೆ ಗೀರು ಬಿದ್ದಿದೆ, ಲೆನ್ಸು ಹಾಕಿಕೊಂಡೇ ಇದ್ದಿದ್ದರೆ ಹುಣ್ಣಾಗಬಹುದಿತ್ತು ಅಂದರು. ಡ್ರಾಪ್ಸ್ ಬರೆದುಕೊಟ್ಟು, ತಾವು ಹೇಳುವ ತನಕ ಲೆನ್ಸು ಬೇಡ ಅಂದರು.

ಕಣ್ಣು ವಾಸಿಯಾಗಿ ಡಾಕ್ಟರಮ್ಮ ಹೂಂ ಅಂದ ಮೇಲೆ ಈಗ ಮತ್ತೆ ಲೆನ್ಸಿನ ಹೊಸ ಜೊತೆ ಹಾಕುತ್ತೇನೆ. ಹಾಕಬಾರದ ದಿನ ಕನ್ನಡಕ. ಗೋಣಿದಾರ ಅದಕ್ಕೇ ಕಟ್ಟಿಕೊಂಡಿದೆ, ಬಿಚ್ಚಿಲ್ಲ.